ಮೊದಲ ಕುರ್ಚಿಯಲ್ಲಿದ್ದ ಅಕ್ಕನಿಗೆ

ಅಕ್ಕ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಕಾಗದವನ್ನು ಹರಿದು ಹಾಕದೆ ಇಷ್ಟು ಓದಿದ್ದರೆ, ಒಂದು ಸುದ್ದಿ ಇದೆ. ಬಸುರಿಯಾಗಿ ನನಗೀಗ ಹತ್ತನೇ ವಾರ. ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ. ಬಿಸ್ಕತ್ ಕಾರ್ಖಾನೆಯಲ್ಲಂತೂ ತುಟಿ ಪಿಟಕ್ಕೆಂದಿಲ್ಲ.

"ಹೇಳಿಬಿಡು, ಅವರೇನು ನಿನ್ನ ತಿಂದುಬಿಡ್ತಾರಾ?" ಅನ್ನುತ್ತಾರೆ ಇವರು. ತಿನ್ನುವುದೇ ನಮ್ಮ ಕೆಲಸ ಅನ್ನುವುದನ್ನು ಮರೆತಿದ್ದಾರೆ. ರುಚಿ ನೋಡುವ ಆ ಕೋಣೆ ನೀವು ಬಿಟ್ಟುಹೋದ ಹಾಗೇ ಇದೆ. ಮೂರು ಕುರ್ಚಿ, ನಡುವೆ ಹಲಗೆಯ ಅಡ್ಡಗೋಡೆ, ಉಗುರುಬೆಚ್ಚಗಿನ ನೀರು, ಬರೀ ನಂಬರ್ ಅಂಟಿಸಿದ ತಟ್ಟೆಗಳು. ಸೆಂಟು ಹಾಕಬಾರದು, ಮುಖ ಸಿಂಡರಿಸಬಾರದು, ನೆಗಡಿ ಬಂದವರು ಒಳಗೆ ಕಾಲಿಡಬಾರದು. ಗಂಟಲು ಸರ್ ಈಗಲೂ ಪ್ರತಿ ತುಂಡಿಗೂ ಮುಂಚೆ, ಭಾಷಣ ಶುರುಮಾಡುವವರಂತೆ, ಗಂಟಲು ಸರಿಮಾಡಿಕೊಳ್ಳುತ್ತಾರೆ. ನಿಮ್ಮ ಮೊದಲ ಕುರ್ಚಿಯಲ್ಲಿ ಈಗ ನಾನಿದ್ದೇನೆ. ನನ್ನ ಹಳೆಯ ಜಾಗಕ್ಕೆ ಒಬ್ಬಳು ಹೊಸಬಳು ಬಂದಿದ್ದಾಳೆ.

ಆ ಹೊಸಬಳ ಮೇಲೆ ನನಗೆ ಅನುಮಾನ. ಕೇಳದಿದ್ದರೂ ನೀರು ತಂದಿಡುತ್ತಾಳೆ. "ಯಾಕಕ್ಕ, ಮುಖ ಬಾಡಿದೆ" ಅನ್ನುತ್ತಾಳೆ. ಇಷ್ಟೊಂದು ಒಳ್ಳೆಯತನ ಸುಮ್ಮನೆ ಯಾರು ತೋರಿಸುತ್ತಾರೆ? ನಾನು ಕೈ ತೊಳೆಯಲು ಎದ್ದರೆ ಗಡಿಯಾರ ನೋಡುತ್ತಾಳೆ. ಮೇಡಂ ಕುರ್ಚಿಗಳಿಗೆ ದಿಂಬು ಹಾಕಿಸಿದರು. ಮೂರಕ್ಕೂ ಹಾಕಿಸಿದರು, ನಿಜ, ಆದರೆ ಮೊದಲು ನನ್ನದಕ್ಕೇ ಯಾಕೆ? ಗಂಟಲು ಸರ್ ಕೆಮ್ಮಿದರೂ ಯಾರಿಗೋ ಸನ್ನೆ ಮಾಡಿದರೇನೋ ಅನ್ನಿಸುತ್ತದೆ.

ನನ್ನ ಮೂಗು ನನ್ನ ಮಾತು ಕೇಳುತ್ತಿಲ್ಲ. ರಟ್ಟಿನ ಡಬ್ಬಿಯ ಗೋಂದು, ಮೇಡಂ ತಲೆಗೆ ಹಚ್ಚಿದ ಎಣ್ಣೆ, ಆಚೆ ಕೋಣೆಯಲ್ಲಿ ಯಾರೋ ಸುಲಿದ ಕಿತ್ತಳೆ, ಎಲ್ಲವೂ ಬಂದು ಹೊಡೆಯುತ್ತವೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅಂಕಗಳೇ ನನ್ನ ಗುಟ್ಟನ್ನು ರಟ್ಟು ಮಾಡುತ್ತವೆ. ಅದಕ್ಕೇ ಎರಡು ವಾರದಿಂದ ಹತ್ತಕ್ಕೆ ನಾಲ್ಕು ಕೊಡಬೇಕಾದಲ್ಲಿ ಏಳು ಕೊಡುತ್ತಿದ್ದೇನೆ. ನಿನ್ನೆ ಒಂದು ತಟ್ಟೆಯಲ್ಲಿ ಹಳಸಿದ ಎಣ್ಣೆಯ ಘಾಟು ಸ್ಪಷ್ಟವಾಗಿತ್ತು. ನಾನು ಎಂಟು ಬರೆದೆ, ಹೊಸಬಳೂ ಎಂಟು ಬರೆದಳು. ಗಂಟಲು ಸರ್ ಮಾತ್ರ 'ಅನುಮಾನ' ಅಂತ ಬರೆದರು. ಮೇಡಂ ನನ್ನ ಹಾಳೆಯನ್ನು ಎರಡು ಸಲ ನೋಡಿ, "ಹುಷಾರಿಲ್ವಾ? ಅವರಿಗೆ ಬಂದ ಅನುಮಾನ ನಿಮಗೆ ಬರಲಿಲ್ವಾ?" ಅಂದರು. "ಸ್ವಲ್ಪ ನೆಗಡಿ ಮೇಡಂ" ಅಂದೆ. "ಹಾಗಾದ್ರೆ ನಾಳೆಯಿಂದ ಪ್ಯಾಕಿಂಗ್ ಕಡೆ ಇರಿ. ನಾನು ಊರಿಂದ ಸೋಮವಾರ ಬರ್ತೀನಿ, ಆಮೇಲೆ ನೋಡೋಣ" ಅಂದರು. ಅತಿಯಾಗಿ ಚುರುಕಾದ ಮೂಗನ್ನು ಮುಚ್ಚಿಡಲು ಹೋಗಿ, ಮೂಗೇ ಇಲ್ಲದವಳು ಅನ್ನಿಸಿಕೊಂಡೆ.

ಇವತ್ತು ಪ್ಯಾಕಿಂಗ್ ಮೇಜಿನ ಮುಂದೆ ನಿಂತಾಗ ನಿಮ್ಮ ನೆನಪಾಯಿತು. ಅದೇ ಮೇಜಿಗೆ ನಿಮ್ಮನ್ನೂ ಕಳಿಸಿದ್ದರು. ಕೈ ತೊಳೆಯುವ ಜಾಗದಲ್ಲಿ ನೀವು ನನ್ನೊಬ್ಬಳಿಗೇ ಹೇಳಿದ್ದಿರಿ: "ಮೂರು ತಿಂಗಳು ತುಂಬಲಿ ಕಣೇ, ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ." ಮರುವಾರ ನಿಮ್ಮ ಅಂಕಗಳು ಕೆಳಗಿಳಿದವು. ಐದು ಬ್ಯಾಚಿಗೆ ಸಾಲಾಗಿ 'ಹಳೇ ಎಣ್ಣೆ' ಅಂತ ಬರೆದಿರಿ. ಮೇಡಂ ಕಾರಣ ಕೇಳಿದಾಗ ನಾನು ನಕ್ಕು, "ಅವರಿಗೀಗ ಎಲ್ಲಾದ್ರಲ್ಲೂ ವಾಸನೆ ಬರುತ್ತೆ ಬಿಡಿ ಮೇಡಂ, ವಿಶೇಷ ಇದೆಯಲ್ಲ" ಅಂದೆ.

ಬಾಯಿತಪ್ಪಿ ಬಂತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಕುರ್ಚಿ ನನಗೆ ಬೇಕಾಗಿತ್ತು. ಆ ಐದೂ ಬ್ಯಾಚಿಗೆ ನಾನು ಎಂಟು ಕೊಟ್ಟೆ. ವಾಸನೆ ನನಗೂ ಬಂದಿತ್ತೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ಆ ಪ್ಯಾಕಿಂಗ್ ಮೇಜಿನಿಂದಲೇ ನೀವು ಕೆಲಸ ಬಿಟ್ಟ ಮೂರನೇ ವಾರ ಅಂಗಡಿಗಳಿಂದ ಆ ಡಬ್ಬಿಗಳು ವಾಪಸ್ ಬಂದವು. ನೀವು ಬರೆದದ್ದೇ ಸರಿಯಾಗಿತ್ತು ಅಂತ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನನಗೆ ನಾಚಿಕೆಯಾಗುತ್ತದೆ ಅಕ್ಕ.

ಹೊಸಬಳಲ್ಲಿ ನನಗೆ ಕಾಣುವುದು ಅವಳಲ್ಲ, ನಾನೇ. ಪಾಪ, ಆ ಹುಡುಗಿ ಬರೀ ನೀರು ಕೊಡುತ್ತಿರಬಹುದು.

ನಮ್ಮಿಬ್ಬರ ಎಂಟರ ಮೇಲೆ ಪಾಸಾದ ನಿನ್ನೆಯ ಬ್ಯಾಚ್ ಸೋಮವಾರ ಮಧ್ಯಾಹ್ನ ಲಾರಿ ಹತ್ತುತ್ತದೆ. ಅದಕ್ಕೆ ಮುಂಚೆ ಮೇಡಂ ಕೋಣೆಗೆ ಹೋಗಿ ಮೂರು ಮಾತು ಹೇಳುತ್ತೇನೆ. ನನಗೆ ನೆಗಡಿ ಇಲ್ಲ, ನಾನು ಬಸುರಿ. ಆ ತಟ್ಟೆಗೆ ಎಂಟಲ್ಲ, ಎರಡು. ನಾಲ್ಕು ವರ್ಷದ ಹಿಂದೆ ನಿಮ್ಮ ಹಾಳೆ ಸರಿಯಾಗಿತ್ತು, ನನ್ನದು ತಪ್ಪಾಗಿತ್ತು. ಇಷ್ಟು ಕೇಳಿದ ಮೇಲೆ ಕುರ್ಚಿ ಉಳಿಯುತ್ತದೆ ಅನ್ನುವ ಭರವಸೆ ನನಗಿಲ್ಲ. ಹೆದರಿಕೆಯಂತೂ ಇದೆ.

ಈ ಕಾಗದ ಶನಿವಾರವೇ ನಿಮ್ಮ ಕೈ ಸೇರುತ್ತದೆ. ಮೇಡಂ ಫೋನ್ ನಂಬರ್ ಬದಲಾಗಿಲ್ಲ. ಅವತ್ತು ನಾನು ನಿಮ್ಮದನ್ನು ಹೇಳಿದ ಹಾಗೆ, ನನ್ನ ಸುದ್ದಿಯನ್ನು ನನಗಿಂತ ಮುಂಚೆ ನೀವೇ ಹೇಳಬೇಕು ಅನ್ನಿಸಿದರೆ, ಭಾನುವಾರ ಪೂರ್ತಿ ನಿಮ್ಮದು.

ನಿಮ್ಮ ಮಗು ನೂರ್ಕಾಲ ಚೆನ್ನಾಗಿ ಬಾಳಲಿ.

ಇಂತಿ,
ಪಕ್ಕದ ಕುರ್ಚಿಯಲ್ಲಿದ್ದವಳು