ಬುಂಡಾಶನಿಗೂ ನಾಲ್ಕು ಚಪ್ಪಲಿ

ಲಿಪೊವೆಟ್ಸ್,
ಗುರುವಾರ, ಏಪ್ರಿಲ್ ೧೪, ೧೯೮೮

ಪ್ರೀತಿಯ ಯೊಲಾನಾ,

ಸೊಂಟದ ನೋವು ಹೇಗಿದೆ? ಊಟ ಸೇರುತ್ತಿದೆಯೇ? ಜ್ವರದ ಹಾವಳಿಯೆಂದು ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿಲ್ಲ, ಹಾಗಾಗಿ ಗಸಗಸೆ ಕೇಕನ್ನು ನಿನ್ನೆ ಬಾಗಿಲಲ್ಲೇ ನರ್ಸ್ ಕೈಗೆ ಕೊಟ್ಟು ಬಂದೆ. ಆಪರೇಷನ್ ಚೆನ್ನಾಗಿಯೇ ಆಗಿದೆ, ಆದರೆ ನೀನು ಮಂಚದಿಂದ ಕಾಲು ಕೆಳಗಿಡಲು ಒಪ್ಪುತ್ತಿಲ್ಲ ಎಂದಳು. ಹೀಗೇ ಮಲಗಿದ್ದರೆ ಇನ್ನು ನಡೆಯುವುದೇ ಕಷ್ಟವಂತೆ. ಮದುವೆಯಾದಾಗಿನಿಂದ ನನ್ನನ್ನು ಒಂದು ಕಡೆ ಕೂರಲು ಬಿಡದವಳು ನೀನು, ಈಗ ನಿನಗೇನಾಯಿತು?

ಇರಲಿ, ಸಂತೋಷದ ಸುದ್ದಿ ಕೇಳು. ಆಸ್ಪತ್ರೆಯ ಹೊರಗೆ ಕಟ್ಟಿದ್ದ ಬುಂಡಾಶನನ್ನು ಎಳೆದುಕೊಂಡು ನೇರ ಕೋಟೆ ಹತ್ತಿದೆ. ಎಳೆದುಕೊಂಡು ಅಂದದ್ದು ಸುಳ್ಳು, ಎಳೆದದ್ದು ಅವನೇ. ನಿನ್ನ ನಾಯಿಗೆ ನನ್ನ ವಯಸ್ಸಿನ ಮೇಲೆ ಮರ್ಯಾದೆಯಿಲ್ಲ. ನನಗೆ ಬೇಕಾಗಿದ್ದದ್ದು ನೃತ್ಯದ ಹಜಾರದ ಆಚೆಗಿನ ಬಾಲ್ಕನಿ, ಯಾಕೆಂದು ಆಮೇಲೆ ಹೇಳುತ್ತೇನೆ. ಆ ಹಜಾರದ ಮರದ ನೆಲಕ್ಕೆ ಗೀರು ಬೀಳಬಾರದೆಂದು, ಬೂಟಿನ ಮೇಲೊಂದು ಉಣ್ಣೆಯ ಚಪ್ಪಲಿ ಕಟ್ಟದೆ ಮಂತ್ರಿಯನ್ನೂ ಬಿಡುವುದಿಲ್ಲ, ನಿನಗೆ ಗೊತ್ತಲ್ಲ. ಬಾಗಿಲಲ್ಲಿ ಟಿಕೆಟ್ ಕೊಡುತ್ತ ಕೂತಿದ್ದವಳು ಒತಿಲಿಯಾ, ನಿನ್ನ ಜೊತೆ ಚರ್ಚಿನಲ್ಲಿ ಹಾಡುತ್ತಿದ್ದಳಲ್ಲ, ಅವಳೇ. ನಾಯಿಗೆ ಪ್ರವೇಶವಿಲ್ಲ ಎಂದಳು. ಬೇಡಿಕೊಂಡೆ, ಹೊಗಳಿದೆ, ಕೊನೆಗೆ ನಿನ್ನ ವಿಷಯವೆಲ್ಲ ಹೇಳಿಬಿಟ್ಟೆ. ಬುಂಡಾಶನ ಪಾದಗಳನ್ನು ಒಂದೊಂದಾಗಿ ನೋಡಿದಳು. "ನಿಯಮ ಅಂದ್ರೆ ನಿಯಮ. ನಾಲ್ಕೂ ಕಾಲಿಗೆ ಚಪ್ಪಲಿ ಕಟ್ಟು, ಕರ್ಕೊಂಡು ಹೋಗು," ಅಂದಳು.

ಇಬ್ಬರೂ ಮಂಡಿಯೂರಿ ಕಟ್ಟಿದೆವು. ಮೊದಲು ಅವನು ಮದುಮಗನಂತೆ ಗಂಭೀರವಾಗಿಯೇ ನಡೆದ. ಅಷ್ಟರಲ್ಲಿ ಕಿಟಕಿಯಲ್ಲೊಂದು ಪಾರಿವಾಳ ಕಂಡಿತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗಿ, ಹೊಟ್ಟೆಯ ಮೇಲೇ ಜಾರುತ್ತ ಹಜಾರದ ಆ ತುದಿ ಮುಟ್ಟಿದ. ಹಗ್ಗ ಹಿಡಿದಿದ್ದ ನಾನೂ ಹಿಂದೆಯೇ. ಯಾವುದೋ ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು. ಒತಿಲಿಯಾ ಗೋಡೆ ಹಿಡಿದುಕೊಂಡು ನಕ್ಕಳು. "ಯೊಲಾನಾ ಇದನ್ನ ನೋಡ್ಬೇಕಿತ್ತು ಕಣೋ ವಿಂಟ್ಸೊ," ಅಂದಳು. ನಗುತ್ತಿದ್ದವನಿಗೆ ಕಣ್ಣು ತುಂಬಿ ಬಂತು. ನೀನಿಲ್ಲದ ಮನೆಯಲ್ಲಿ ನಾನು ಯಾರ ಮೇಲೆ ರೇಗಲಿ, ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು, ನರ್ಸ್ ಜೊತೆ ಜಗಳವಾಡಬೇಡ. ದೇವರು ನಿನ್ನನ್ನು ಕಾಯಲಿ. ಒತಿಲಿಯಾ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ
ವಿಂಟ್ಸೊ

ತಾ.ಕ.: ಟಪಾಲು ಒಯ್ಯುವ ಬಸ್ಸಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಬಾಲ್ಕನಿಯಿಂದ ನಿನ್ನ ಆಸ್ಪತ್ರೆ ಕಾಣುತ್ತದೆ. ಭಾನುವಾರ ಚರ್ಚಿನ ಗಂಟೆ ನಿಂತ ಕೂಡಲೇ ಬುಂಡಾಶನೂ ನಾನೂ ಅಲ್ಲಿರುತ್ತೇವೆ, ಅವನ ಕೊರಳಿಗೆ ನಿನ್ನ ಕೆಂಪು ತಲೆವಸ್ತ್ರ ಕಟ್ಟಿರುತ್ತೇನೆ. ನಿನ್ನ ಮಂಚದಿಂದ ಕೋಟೆ ಕಾಣುವುದಿಲ್ಲ, ನರ್ಸನ್ನು ಕೇಳಿಕೊಂಡೇ ಬಂದಿದ್ದೇನೆ. ಕಾಣುವ ಕಿಟಕಿ ಕಾರಿಡಾರಿನ ತುದಿಯಲ್ಲಿದೆ. ಅಲ್ಲಿಯವರೆಗೆ ನೀನೇ ನಡೆದು ಬರಬೇಕು.