ಕಲ್ಲಪ್ಪನ ಹೆಸರಿನ ಗಿಡ

ಗೆಳೆಯ ಕಲ್ಲಪ್ಪನಿಗೆ,

ಸಿಟ್ಟು ಮಾಡಬೇಡ ಎನ್ನುವ ಮುಖ ನನಗಿಲ್ಲ. ಪೂರ್ತಿ ಓದಿ ಆಮೇಲೆ ಬೈಯಿ.

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ವರ್ಷ, ಖಾನಾಪುರದ ಹೊಳೆದಂಡೆಯ ಬಂಡೆಯ ಸಂದಿಯಲ್ಲಿ ಆ ಸಣ್ಣ ಗಿಡ ಕಂಡದ್ದು ನಿನಗೆ. ನನಗೋ ಅದು ಬರೀ ಹುಲ್ಲು. ಒಣಗಿಸಿ, ಹೆಸರು ಕೇಳಿ ಪುಣೆಯ ಸಸ್ಯಶಾಸ್ತ್ರಜ್ಞರಿಗೆ ಕಳಿಸಿದೆವು. ಹೆಸರು ಬಂತು, ಕೊನೆಯಲ್ಲಿ ‘ಸಾಕ್ಸಾಟಿಲಿಸ್’. ಕಂಡುಹಿಡಿದವರ ಹೆಸರನ್ನೇ ಲ್ಯಾಟಿನ್ನಿನಲ್ಲಿ ಗಿಡಕ್ಕೆ ಇಡುತ್ತಾರೆಂದು ಎಲ್ಲೋ ಕೇಳಿದ್ದೆ. ಡಿಕ್ಷನರಿ ತೆಗೆದರೆ ‘ಸಾಕ್ಸಮ್’ ಅಂದರೆ ಕಲ್ಲು! ಹೈಸ್ಕೂಲ್ ಮಾಸ್ತರನಿಗೆ ಇನ್ನೇನು ಬೇಕು? ಮುಂದಿನ ರೈಲಿಗೇ ನಿನ್ನ ಮನೆಗೆ ಓಡಿಬಂದೆ.

“ಲೇ ಕಲ್ಯಾ, ಗಿಡಕ್ಕ ನಿನ್ನ ಹೆಸರ ಇಟ್ಟಾರಲೇ!”

“ಖರೇನೇನೋ? ನನ್ನ ಹೆಸರ?” ಎಂದ ನೀನು ಒಳಗೆ ಹೋಗಿ ಸಕ್ಕರೆ ತಂದು ಓಣಿಗೆಲ್ಲ ಹಂಚಿದೆ. ಮುಂದಿನ ಮಳೆಗಾಲದ ಜ್ವರ ನಿನ್ನನ್ನು ಒಯ್ದಿತು.

ಕಳೆದ ತಿಂಗಳು ಬೆಳಗಾವಿಯ ಕ್ಯಾಂಪಿನಲ್ಲಿ, ದಂಡಿನವರ ಬಡಾವಣೆಯಲ್ಲಿ, ಲ್ಯಾಟಿನ್ನೂ ಗಿಡಗಳೂ ಬಲ್ಲ ಒಬ್ಬ ಪಾದ್ರಿ ಸಿಕ್ಕರು. ಜಂಬದಿಂದ ನಿನ್ನ ಸುದ್ದಿ ಹೇಳಿದೆ. ಅವರು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಕಲ್ಲುಬಂಡೆಗಳಲ್ಲಿ ಬದುಕುವುದು ಎಂದಷ್ಟೇ ಅದರ ಅರ್ಥವಂತೆ. ಯಾವುದೋ ಮೀನಿಗೂ ಅದೇ ಹೆಸರಂತೆ. ಇಟಲಿಯ ಊರುಗಳ ಹೆಸರಲ್ಲೂ ಆ ಕಲ್ಲು ಕೂತಿದೆಯಂತೆ. ನಮ್ಮ ಗಿಡಕ್ಕಂತೂ ನಾವು ಹುಟ್ಟುವ ಮೊದಲೇ ಆ ಹೆಸರಿತ್ತಂತೆ. ನೀನು ಹಂಚಿದ ಸಕ್ಕರೆ, ಓಣಿಯವರ ಮುಂದೆ ನೀನು ನಿಂತ ರೀತಿ...

ಮೊನ್ನೆ ನಿಮ್ಮ ಮನೆಗೆ ಹೋಗಿದ್ದೆ, ನಿನ್ನಾಕೆ ಗಂಗವ್ವ ವೈನಿಗೆ ಹೇಳಿಬಿಡೋಣವೆಂದು. ಹೇಳಿದೆ. ಅವಲಕ್ಕಿ ಹಸನು ಮಾಡುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಈಗ್ಯಾಕ ಹೇಳಾಕ ಬಂದ್ರಿ? ನಿಮ್ಮ ಎದಿ ಹಗುರ ಮಾಡ್ಕೊಳ್ಳಾಕ? ನಾ ಯಾರ ಮುಂದ ಹೇಳಿ ಹಗುರ ಮಾಡ್ಕೊಳ್ಳಲಿ?”

ವೈನಿ ಹೇಳಿದ್ದು ನಿಜವೇ ಆಗಿತ್ತು.

ಅಂದು ನಿನ್ನ ಮಗಳು ಶಾಂತಾಳನ್ನು ನೋಡಲು ಬರುವವರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಪಾರಿಶ್ವಾಡದ ಗಂಡಿನ ಕಡೆಯವರು ಬಂದೇಬಿಟ್ಟರು. ಹುಡುಗನ ಅಪ್ಪ ಕೂತವರೇ ಕೇಳಿದರು, “ಹುಡುಗಿ ತಂದಿ ಹೆಸರು ದೊಡ್ಡ ಪುಸ್ತಕದಾಗ ಐತಂತ. ಖರೇ ಏನ್ರಿ?”

ವೈನಿ ನನ್ನ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತ ಶಾಂತಾ ನೋಡುತ್ತಿದ್ದಳು.

“ಖರೇ ಐತ್ರಿ. ನಾನೇ ಓದೀನಿ,” ಎಂದೆ.

ಮೊದಲ ಸಲ ತಿಳಿಯದೆ ಹೇಳಿದ್ದೆ ಕಲ್ಲಪ್ಪ, ಈ ಸಲ ತಿಳಿದೂ ತಿಳಿದೂ ಹೇಳಿದೆ. ನಿನ್ನ ಮಗಳ ಮದುವೆ ಗೊತ್ತಾಯಿತು. ಅಕ್ಷತೆಯ ದಿನ ನಿನ್ನ ಜಾಗದಲ್ಲಿ ನಾನೇ ನಿಲ್ಲಬೇಕೆಂದು ವೈನಿ ಹೇಳಿಕಳಿಸಿದ್ದಾರೆ. ನಿಲ್ಲುತ್ತೇನೆ. ಆದರೆ ಯಾವ ಮುಖ ಹೊತ್ತು ನಿಲ್ಲಲೋ?

ನಿನ್ನ,
ವಾಸು