ಮೂಗಿಗೆ ತುರುಕಿದ ಬಟ್ಟೆ ಯಾವ ವಿಭಾಗದ್ದು?

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ವಾರ್ಡಿನ ಕಿಟಕಿ ಒಡೆದದ್ದಕ್ಕೆ ಕ್ಷಮೆ ಕೇಳಬೇಕೆಂದು ನನಗೆ ನೋಟಿಸು ಕಳಿಸಿದ್ದೀರಿ. ಒಡೆದದ್ದು ನಿಜ. ನನ್ನ ಗಂಡ ರಕ್ತ ಕಾರಿಕೊಂಡ ಬೇಸಿನ್ನನ್ನೇ ಎತ್ತಿ ಬೀಸಿದೆ. ಕ್ಷಮೆ ಮಾತ್ರ ಕೇಳುವುದಿಲ್ಲ. ಅವರನ್ನು ಕೊಂದವರಿಗೆ ನೀವು ಯಾವ ನೋಟಿಸು ಕಳಿಸಿದಿರಿ?

ಅವರು ಬಡಗಿ, ಅವರು ಮಾಡಿದ ಕುರ್ಚಿ ಮೇಜುಗಳಿಗೆ ಪಾಲಿಶ್ ಹಚ್ಚುತ್ತಿದ್ದವಳು ನಾನು. ಕೆನ್ನೆಯೊಳಗಿನ ಸೈನಸ್‌ನಲ್ಲಿ ಕ್ಯಾನ್ಸರ್ ಬಂದಿತ್ತು. ಆಪರೇಷನ್ ಆದರೆ ಉಳಿಯುತ್ತಾರೆ ಎಂದವರು ನಿಮ್ಮವರೇ. ಮೂಗಿನಲ್ಲಿ ರಕ್ತ ಬಂದಾಗ ಕಿವಿ-ಮೂಗು-ಗಂಟಲು ವಿಭಾಗದವರು ಬಟ್ಟೆ ತುರುಕಿ, ಕ್ಯಾನ್ಸರ್ ವಾರ್ಡಿಗೆ ಸಾಗಹಾಕಿದರು. ಅಲ್ಲಿಗೆ ಆ ಬಟ್ಟೆಗೆ ದಿಕ್ಕಿಲ್ಲದಂತಾಯಿತು. ತುರುಕಿದ ವಿಭಾಗದವರೇ ಬಂದು ತೆಗೆಯಬೇಕಂತೆ, ಅದು ನಿಮ್ಮಲ್ಲಿನ ಪದ್ಧತಿಯಂತೆ. ಅವರು ಬರಲಿಲ್ಲ. ಬಟ್ಟೆ ಕೊಳೆತು ನಾರಿತು, ಜ್ವರ ಏರಿತು.

“ಸಿಸ್ಟರ್, ಒಸಡಲ್ಲೂ ರಕ್ತ ಬರ್ತಿದೆ, ಸ್ವಲ್ಪ ನೋಡಿ,” ಎಂದು ಅಂಗಲಾಚಿದೆ.

“ಮೂಗಿನ ಕ್ಯಾನ್ಸರ್ ಅಲ್ವೇನಮ್ಮಾ, ರಕ್ತ ಬರದೆ ಇನ್ನೇನ್ ಬರತ್ತೆ? ಅದನ್ನ ನಾವು ಮುಟ್ಟೋ ಹಾಗಿಲ್ಲ.”

“ಲೇ, ನೀನೇ ಕಿತ್ತಾಕೇ ಇದನ್ನ,” ಅಂದರು ಇವರು. ನಾನು ಚಾಚಿದ ಕೈಯನ್ನು ಇಬ್ಬರು ಸಿಸ್ಟರುಗಳು ಹಿಡಿದು ಎಳೆದರು.

ಆಮೇಲೆ ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಜಿನುಗಿತು. ಕಾಲ್ಬೆರಳುಗಳು ಕಪ್ಪಾದವು. ಹೆಪ್ಪುಗಟ್ಟುವ ಪರೀಕ್ಷೆಗೆ ರಕ್ತ ಕಳಿಸಿದ್ದು ಆಗ! ನಂಜು ಮೈಗೇರಿ ಸಣ್ಣ ರಕ್ತನಾಳಗಳಲ್ಲೆಲ್ಲ ರಕ್ತ ಗಟ್ಟಿಯಾಗಿದೆ, ಹೆಪ್ಪುಗಟ್ಟಿಸುವ ಅಂಶವೆಲ್ಲ ಅಲ್ಲೇ ಮುಗಿದುಹೋಗಿ ಉಳಿದ ರಕ್ತ ಕಂಡಕಂಡಲ್ಲಿ ಸೋರುತ್ತಿದೆ ಎಂದು ಡ್ಯೂಟಿ ಡಾಕ್ಟರು ನೆಲ ನೋಡುತ್ತಾ ಹೇಳಿದರು. ಕ್ಯಾನ್ಸರ್ ಕೊಲ್ಲುವುದಕ್ಕೆ ಮುಂಚೆ ನಿಮ್ಮ ಬಟ್ಟೆ ಕೊಂದಿತು. ಒಡೆದ ಗಾಜನ್ನು ಮಾತ್ರ ಅಂದೇ ಬದಲಿಸಿದಿರಂತೆ. ಅದು ಯಾವ ವಿಭಾಗದ್ದೆಂದು ಯಾರೂ ಕೇಳಲಿಲ್ಲವೇ? ನಿಮ್ಮ ಪದ್ಧತಿಗೆ ಬೆಂಕಿ ಬೀಳಲಿ!

ಇವರ ಪಕ್ಕದ ಹಾಸಿಗೆಯಲ್ಲಿ ಬಸ್ ಡ್ರೈವರೊಬ್ಬರಿದ್ದಾರೆ. ಅದೇ ಕಾಯಿಲೆ, ಮೂಗಿನಲ್ಲಿ ಅಂಥದೇ ಬಟ್ಟೆ. ಅವರ ಹೆಂಡತಿ ಈಗಷ್ಟೇ ಫೋನ್ ಮಾಡಿ ಅತ್ತಳು: “ಅಕ್ಕಾ, ಇವ್ರಿಗೂ ಜ್ವರ ಬಂದಿದೆ. ಒಸಡಲ್ಲಿ ರಕ್ತ. ಯಾರನ್ನ ಕೇಳಿದ್ರೂ ನಮ್ದಲ್ಲ ಅಂತಾರೆ.”

ಈ ಪತ್ರಕ್ಕೆ ಉತ್ತರ ಬರೆಯಬೇಡಿ. ಕುರ್ಚಿಯಿಂದ ಎದ್ದು ವಾರ್ಡಿಗೆ ಹೋಗಿ. ಆ ಬಟ್ಟೆ ತೆಗೆಸಿ, ರಕ್ತದ ಪರೀಕ್ಷೆ ಮಾಡಿಸಿ, ನಂಜಿಗೆ ಔಷಧಿ ಈಗಲೇ ಶುರುಮಾಡಿಸಿ. ಆ ಮನುಷ್ಯ ಇನ್ನೂ ಬದುಕಿದ್ದಾನೆ.

ಇಂತಿ,
ನಿಮ್ಮ ಗೇಟಿನೊಳಗೆ ಬಿಡಬಾರದೆಂದು ಅಪ್ಪಣೆಯಾಗಿರುವ, ಆದರೂ ಅಲ್ಲಿಗೇ ಹೊರಟಿರುವ,
ಬಡಗಿಯ ಹೆಂಡತಿ